ಹೈಸಮನ ಮುಖದ ವಿಳಾಸ

ಲಿಂಕ್ ಎಂದರೆ ಫೋಟೊ ಅಲ್ಲ, ಬರೀ ವಿಳಾಸ. ವಿಳಾಸ ಗಟ್ಟಿಯಾಗಿದ್ದು ಮನೆಯೇ ಇಲ್ಲದಿರಬಹುದು. ಬಾಂಬುಗಳಿಗೆ ನೆಲಸಮವಾದ ಹೋಮ್ಸ್ ಊರಿನವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೆ? ನಮ್ಮಲ್ಲಿ ಎಷ್ಟೋ ಬೀದಿಗಳಿಗೆ ಹೆಸರಿದೆ, ಬೀದಿಯಿಲ್ಲ.

ಯುದ್ಧದ ಕಾಲದಲ್ಲಿ ನನ್ನ ಹೆಂಡತಿ ನಜಾಹಳ ತಮ್ಮ ಹೈಸಮನನ್ನು ಚೆಕ್‌ಪೋಸ್ಟಿನಲ್ಲಿ ಸರ್ಕಾರದ ಸಿಪಾಯಿಗಳು ಬಸ್ಸಿನಿಂದ ಇಳಿಸಿಕೊಂಡು ಹೋದರು. ಆಮೇಲೆ ಸುದ್ದಿಯಿಲ್ಲ. ಆಲ್ಬಮ್ಮು ಮನೆಯೊಂದಿಗೆ ಉರಿದುಹೋಯಿತು. ಉಳಿದದ್ದು ಒಂದೇ ಫೋಟೊ. ಊರಿನ ಹಳೆಯ ಚಿತ್ರಗಳನ್ನು ಕೂಡಿಸಿಟ್ಟಿದ್ದ ಜಾಲತಾಣದಲ್ಲಿ, ಮಿಠಾಯಿ ಅಂಗಡಿಯ ಮುಂದೆ ಗುಲಾಬಿ ಹಲ್ವದ ತಟ್ಟೆ ಎತ್ತಿ ಹಿಡಿದು ನಗುತ್ತಿದ್ದ ಹೈಸಮ್.

ನಜಾಹ್ ಅದನ್ನು ಫೋನಿಗೆ ಇಳಿಸಿಕೊಂಡಿದ್ದಳು. ನೆಂಟರೂ ಇಳಿಸಿಕೊಂಡಿದ್ದರು. ಆದರೆ ಆಗೆಲ್ಲ ಸಿಪಾಯಿಗಳು ಫೋನ್ ಕಿತ್ತುಕೊಂಡು ಒಂದೊಂದು ಫೋಟೊ ನೋಡುತ್ತಿದ್ದರು. ಹಿಡಿದೊಯ್ದವನ ಮುಖ ಸಿಕ್ಕರೆ ನಿಮ್ಮನ್ನೂ ಒಯ್ಯುತ್ತಿದ್ದರು. ಆಗ ನನ್ನ ಮಹಾಮೇಧಸ್ಸು ಪ್ರಜ್ವಲಿಸಿತು. ಫೋಟೊ ಅಳಿಸಿ, ಲಿಂಕ್ ಇಟ್ಟುಕೊಳ್ಳಿ. ಸಿಪಾಯಿಗೆ ಮುಖ ಗೊತ್ತಾಗುತ್ತದೆ, ಅಕ್ಷರಗಳ ಆ ಉದ್ದನೆಯ ಬಾಲ ಗೊತ್ತಾಗುವುದಿಲ್ಲ ಎಂದು ಅಪ್ಪಣೆ ಕೊಡಿಸಿದೆ. ಇಡೀ ವಂಶ ಶಿರಸಾವಹಿಸಿ ಪಾಲಿಸಿತು. (ಈ ಮನೆಯಲ್ಲಿ ನನ್ನ ಮಾತು ನಡೆದದ್ದು ಅದೊಂದೇ ಸಲ. ಇನ್ನು ನಡೆಯುವುದೂ ಇಲ್ಲ.)

ಕೊನೆಗೆ ಸರ್ಕಾರ ಉರುಳಿ ಸೆರೆಮನೆಗಳು ತೆರೆದವು. ಜನ ತಮ್ಮವರ ಫೋಟೊ ಹಿಡಿದು ಗಡಿಯಾರದ ಚೌಕದಲ್ಲಿ ನಿಂತರು. ಹೊರಬಂದ ಕೈದಿಗಳು ಸಾಲಾಗಿ ನೋಡುತ್ತ, ಇವನು ನನ್ನ ಕೋಣೆಯಲ್ಲಿದ್ದ, ಇವನಿಗಾಗಿ ಕಾಯಬೇಡಿ ಎಂದೆಲ್ಲ ಹೇಳುತ್ತಿದ್ದರು. ನಜಾಹ್ ಲಿಂಕ್ ಒತ್ತಿದಳು. ‘ಪುಟ ಸಿಗಲಿಲ್ಲ.’

“ಇದೇನ್ರೀ?”

“ನೆಟ್ ನಿಧಾನ ಇರ್ಬೇಕು.”

“ನಿಧಾನ ಇರೋ ನೆಟ್ಟು ‘ಇಲ್ಲ’ ಅನ್ನೋಕೆ ಇಷ್ಟು ಅವಸರ ಮಾಡುತ್ತಾ?”

ಜಾಲತಾಣದವರಿಗೆ ಬರೆದೆ. ಸಂಗ್ರಹವನ್ನು ಹೊರದೇಶದ ದೊಡ್ಡ ಸಂಸ್ಥೆಗೆ ಸ್ಥಳಾಂತರಿಸಲಾಗಿದೆ, ಚಿತ್ರಗಳೆಲ್ಲ ಸುರಕ್ಷಿತ, ಚಿತ್ರದ ಸಂಖ್ಯೆ ತಿಳಿಸಿದರೆ ಹುಡುಕಿಕೊಡುತ್ತೇವೆ ಎಂದರು. ಸಂಖ್ಯೆ ಎಲ್ಲಿದೆ? ಆ ಚಿತ್ರದ ಪುಟದಲ್ಲಿ. ಹೆಸರು ಹೇಳಿದರೆ ಆಗದೆ? ಸಾಗಿಸುವಾಗ ಹೆಸರುಗಳು ಉದುರಿಹೋಗಿವೆಯಂತೆ. (ಹಿಂದೆ ಸೆರೆಮನೆಯ ಬಾಗಿಲಲ್ಲೂ ನಮಗೆ ಕೈದಿಯ ನಂಬರ್ ಕೇಳಿದ್ದರು. ಇವರು ಮಾತ್ರ ‘ಪ್ರೀತಿಯಿಂದ’ ಎಂದು ಸಹಿ ಮಾಡಿದ್ದಾರೆ.)

ದೇಶ ದೇಶಗಳಿಗೆ ಚದುರಿದ ನೆಂಟರನ್ನು ಕೇಳಿದೆವು. ಜರ್ಮನಿಯಿಂದ ಬಂತು: ಅದೇ ಲಿಂಕ್. ಟರ್ಕಿಯಿಂದಲೂ ಅದೇ ಲಿಂಕ್. ಸ್ವೀಡನ್ನಿನ ಚಿಕ್ಕಮ್ಮ ಅದರ ಸುತ್ತ ಕೆಂಪು ಹೃದಯಗಳನ್ನಿಟ್ಟು ಕಳಿಸಿ, ಫೋನ್ ಬೇರೆ ಮಾಡಿದಳು. “ನಿನ್ನ ಗಂಡ ಹೇಳಿದ್ದಕ್ಕೆ ಫೋಟೊ ಅವತ್ತೇ ಅಳಿಸಿದ್ದೆ ಕಣಮ್ಮ. ಲಿಂಕ್ ಮಾತ್ರ ಜೋಪಾನವಾಗಿಟ್ಟಿದ್ದೀನಿ.”

ಪೆದ್ದರ ಕಥೆ ಹೇಳಬೇಕಾದಾಗೆಲ್ಲ ಇಡೀ ದೇಶ ಹೋಮ್ಸ್‌ನವರನ್ನೇ ಎಳೆದು ತರುತ್ತದೆ. ಸಿಟ್ಟಾಗುತ್ತಿದ್ದೆ. ಇನ್ನು ಆಗುವ ಹಕ್ಕಿಲ್ಲ.

ಫೋಟೊ ಇಲ್ಲದ ನಜಾಹ್ ನನ್ನನ್ನೇ ಚೌಕಕ್ಕೆ ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದಳು. ಬಂದವರಿಗೆಲ್ಲ ನನ್ನನ್ನು ಅಳತೆಗೋಲು ಮಾಡಿಕೊಂಡು ವಿವರಿಸಿದಳು: ಇವರಿಗಿಂತ ಎತ್ತರ, ಇವರಿಗಿಂತ ತೆಳ್ಳಗೆ, ಕೂದಲು ಇವರಿಗಿಲ್ಲದಷ್ಟು, ಬುದ್ಧಿಯೂ. ಹಲ್ಲು ಉದುರಿದ ಮಾಜಿ ಕೈದಿಯೊಬ್ಬ ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, ಕಣ್ಣಲ್ಲಿ ನೀರು ತಂದುಕೊಂಡ.

“ದೇವರು ದೊಡ್ಡವನು ತಾಯಿ. ನಿಮ್ಮವರು ಸಿಕ್ಕಿಬಿಟ್ಟರಲ್ಲ.”

“ಹೂಂ ಅಣ್ಣಾ,” ಎಂದಳು ನಜಾಹ್. “ಸಿಕ್ಕಿರೋದು ಇದು.”

ನಾಳೆಯೂ ಅವಳು ಹೋಗುತ್ತಾಳೆ. ಹೊರಬಂದವರು ತಮ್ಮ ತಮ್ಮ ಊರುಗಳಿಗೆ ಚದುರುತ್ತಿದ್ದಾರೆ. ಹೈಸಮನನ್ನು ಕಂಡವನು ಇವತ್ತೇ ಬಸ್ಸು ಹತ್ತಿರಬಹುದು. ಆದ್ದರಿಂದ ಓದುಗರೇ, ಕನಿಕರಪಟ್ಟು ಪುಟ ಮಗುಚಬೇಡಿ. ಹಳೆಯ ಹೋಮ್ಸ್‌ನ ಚಿತ್ರಗಳನ್ನು ಎಂದಾದರೂ ಇಳಿಸಿಕೊಂಡಿದ್ದರೆ ಫೋನ್ ತೆಗೆಯಿರಿ, ಈಗಲೇ. ಗುಲಾಬಿ ಹಲ್ವದ ತಟ್ಟೆ, ಬಲಗೆನ್ನೆಯಲ್ಲಿ ಗುಳಿ. ಸಿಕ್ಕರೆ ಕಳಿಸಿ. ಫೋಟೊ ಕಳಿಸಿ. ಲಿಂಕ್ ಬೇಡ.