ಕಾಕಾ ನಡೆಸಿದ ವಿದೇಶಾಂಗ ಖಾತೆ

ನಮ್ಮ ಕಾಕಾ ಹನ್ನೊಂದು ವರ್ಷ ಭಾರತದ ವಿದೇಶಾಂಗ ಖಾತೆಯನ್ನು ಒಬ್ಬರೇ ನಡೆಸಿದರು. ದಿಲ್ಲಿಯವರಿಗೆ ಗೊತ್ತಿರಲಿಲ್ಲ, ಅಷ್ಟೇ. ಕಚೇರಿ ಇದ್ದದ್ದು ತಾವರಗೇರಾದಲ್ಲಿ, ಎಮ್ಮೆ ಕಟ್ಟುವ ಜಾಗದ ಪಕ್ಕ!

ಊರೆಲ್ಲ ರೇಡಿಯೊದಲ್ಲಿ ಚಿತ್ರಗೀತೆ ಕೇಳುತ್ತಿದ್ದರೆ ಕಾಕಾ ಮುಳ್ಳು ತಿರುಗಿಸಿ ಯಾವುದೋ ಹಿಮದ ದೇಶದ ಹಿಂದಿ ಪ್ರಸಾರ ಹಿಡಿಯುತ್ತಿದ್ದರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆದೂಗುತ್ತಿದ್ದರು. ಆ ಕೇಂದ್ರಕ್ಕೆ ವಾರಕ್ಕೊಂದು ಪತ್ರ: ‘ನಿಮ್ಮ ದನಿ ಚೆನ್ನಾಗಿ ಕೇಳಿಸಿತು. ಪ್ರಧಾನಿಯವರ ನೆಗಡಿ ವಾಸಿಯಾಯಿತೆ? ಅಜವಾನದ ಹೊಗೆ ಕೊಡಿ.’ ಅಲ್ಲಿಂದ ಜವಾಬೂ ಬರುತ್ತಿತ್ತು, ಕೆಳಗೆ ಯಾರೋ ಸಾಹೇಬರ ಸಹಿ.

“ಒಡಹುಟ್ಟಿದ ಅಣ್ಣಗ ಒಂದು ಕಾರ್ಡ್ ಬರಿಯಂಗಿಲ್ಲ, ಪರದೇಶದ ಪ್ರಧಾನಿ ಮೂಗು ಒರಸ್ತಾರ!” ಎಂದು ಅವರ ಹೆಂಡತಿ, ನಮ್ಮ ಚಿಗವ್ವ, ರೇಗುತ್ತಿದ್ದಳು.

ಎಂಬತ್ತನೇ ಇಸವಿಯ ಹೊತ್ತಿಗೆ ಆ ರೇಡಿಯೊದವರೇ ಬರೆದರು: ಎರಡು ದೇಶಗಳ ಜನರ ಗೆಳೆತನಕ್ಕೆ ದುಡಿದದ್ದಕ್ಕಾಗಿ ಕಾಕಾನಿಗೆ ಪದಕ! ಹಂಪಿ ನೋಡಲು ಬರುವ ಅವರ ಹಿಂದಿ ವಿಭಾಗದ ಉದ್ಯೋಗಿಯೊಬ್ಬಳು ತಂದು ಕೊಡುತ್ತಾಳೆ! ಕಾಕಾ ಪತ್ರವನ್ನು ಎಮ್ಮೆಗೂ ಓದಿ ಹೇಳಿದರು. ನಗಬೇಡಿ. ಹನ್ನೊಂದು ವರ್ಷ ಊರು ನಕ್ಕಿತ್ತು. ಅದರ ಬಾಯಿ ಮುಚ್ಚಿಸಲು ಅವರಿಗಿದ್ದದ್ದು ಅದೊಂದೇ ಪದಕ.

ಆಕೆ ಹಸಿರು ಜೀಪಿನಲ್ಲಿ ಬಂದಳು. ನನ್ನ ನೆನಪನ್ನು ನಂಬಬೇಡಿ, ಅದು ಪ್ರತಿ ಸಲ ಜೀಪಿಗೆ ಹೊಸ ಬಣ್ಣ ಬಳಿಯುತ್ತದೆ. ಆದರೆ ಮುಂದಿನದು ಇಡೀ ಊರು ಕಂಡದ್ದು.

ನಮ್ಮಲ್ಲಿ ಹೊರಗಿನವರು ಬಂದರೆ ಮೊದಲ ಸನ್ಮಾನ ಅವರಿಗೇ. ತಟ್ಟೆಯಲ್ಲಿ ರುಮಾಲು, ಶಾಲು, ತೆಂಗಿನಕಾಯಿ ಸಿದ್ಧವಾಗಿದ್ದವು. ಸನ್ಮಾನದ ವಸ್ತುಗಳನ್ನೆಲ್ಲ ಇಲ್ಲೇ ಇಡಬೇಕೇನೋ ಎಂದುಕೊಂಡು ಆಕೆ ಪದಕದ ಡಬ್ಬಿಯನ್ನೂ ಅದೇ ತಟ್ಟೆಯಲ್ಲಿಟ್ಟಳು! ಪಂಚಾಯ್ತಿ ಚೇರಮನ್ನರು ಆಕೆಯ ತಲೆಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು, ಕಾಯಿ ಕೊಟ್ಟರು. ಆಮೇಲೆ ಡಬ್ಬಿ ತೆರೆದು ಪದಕವನ್ನೂ ಆಕೆಯ ಕೊರಳಿಗೇ ಹಾಕಿಬಿಟ್ಟರು!

“ಚೇರಮನ್ರ, ಅದು ಕಾಕಾಂದ್ರಿ!” ಎಂದೆ.

“ಸುಮ್ಮನಿರೋ! ತಟ್ಟ್ಯಾಗ ಇಟ್ಟಿದ್ದು ಉಳಸಬಾರದು!”

ಚಪ್ಪಾಳೆಯೋ ಚಪ್ಪಾಳೆ. ಆಕೆ ಗಾಬರಿಯಿಂದ ಪದಕ ತೆಗೆಯಲು ಕೈ ಹಾಕಿದಳು. ಕಾಕಾ ಎದ್ದು ಆಕೆಯ ಬಳಿ ಹೋದರು. ಇಬ್ಬರೂ ಹಿಂದಿಯಲ್ಲಿ ಏನೋ ಪಿಸುಗುಟ್ಟಿದರು. ನೋಡಿದರೆ, ಕಾಕಾ ಪದಕದ ಪಟ್ಟಿಯನ್ನು ನೆಟ್ಟಗೆ ಮಾಡಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾರೆ! ಜೀಪು ಪದಕದ ಸಮೇತ ಹೊರಟಿತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಕಾಕಾ, ನಿಮ್ಮ ಪದಕ ಹೋತಲ್ರೀ!” ಎಂದೆ.

“ಹೋಗ್ಲಿ ಬಿಡೋ. ಹನ್ನೊಂದು ವರ್ಷ ನನ್ನ ಕಾಗದ ಓದಿ ಜವಾಬು ಬರದಾಕಿ ಆಕೀನಂತ. ಕೆಳಗಿನ ಸಹಿ ಮಾತ್ರ ಸಾಹೇಬಂದು. ಆಕಿಗೆ ಒಬ್ಬರೂ ಒಂದು ದಿನ ಚಪ್ಪಾಳಿ ತಟ್ಟಿಲ್ಲಂತ.”

ಅಂದೇ ಸಂಜೆ ಕಾಗದ ಬರೆಯಲು ಕುಳಿತರು: ‘ಸುಖವಾಗಿ ಮುಟ್ಟಿದಿರಾ?’ ಲಕೋಟೆಯ ಮೇಲೆ ಈ ಸಲ ರೇಡಿಯೊದ ಹೆಸರಿಗಿಂತ ಮೊದಲು ಆಕೆಯ ಹೆಸರು. ಅದು ಸರಿಯಾಗಿ ಬರುವವರೆಗೆ ನಾಲ್ಕು ಲಕೋಟೆ ಹರಿದರು.