ನುಗ್ಗೆಮರದ ಒಪೆರಾ

ನಮ್ಮ ಸೋದರಮಾವ ಅಮೆರಿಕದಲ್ಲಿ ಕ್ರಾಂತಿ ಮಾಡಿದವರು. ನಗಬೇಡಿ! ಹಾರ್ಮೋನಿಯಂ ಬಾರಿಸಿಕೊಂಡು ಕ್ರಾಂತಿ ಮಾಡಿದವರನ್ನು ನೀವು ನೋಡಿಲ್ಲ, ಅಷ್ಟೇ.

ಇದಕ್ಕೆಲ್ಲ ಮೂಲ ಹ್ಯೂಸ್ಟನ್ನಿನಲ್ಲಿ ನೋಡಿದ ಒಂದು ಒಪೆರಾ, ಅದೇ, ಮಾತೆಲ್ಲ ಹಾಡಾಗಿರುವ ಅವರ ಸಂಗೀತ ನಾಟಕ. ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದೆ, ಡ್ರೈವ್ ಮಾಡಲು ಮಾವನಿಗೆ ಬಿಟ್ಟಿ ಆಳು ಸಿಕ್ಕಂತಾಗಿತ್ತು. ನಾಯಕ ಎದೆಗೆ ಗುಂಡು ತಿಂದು, ಹತ್ತು ನಿಮಿಷ ಹಾಡಿ, ಆಮೇಲೆ ಸತ್ತ. ಧಾರವಾಡದಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಮಾವ ಸುಮ್ಮನಿರುತ್ತಾರೆಯೇ? ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗಿದರು. ಹೆಣ ಏಳಲಿಲ್ಲ, ಬಾಗಿಲು ಕಾಯುವವನು ಬಂದ!

ಹೊರಬಿದ್ದ ಮಾವ ಥಿಯೇಟರಿನ ಮೆಟ್ಟಿಲ ಮೇಲೆ ಕೂತು ಅಲ್ಲಿ ಕೊಟ್ಟಿದ್ದ ಪುಸ್ತಿಕೆ ಓದಿದರು. ಹಿಂದೊಮ್ಮೆ ಬೆಲ್ಜಿಯಂನಲ್ಲಿ ಒಪೆರಾ ನೋಡುತ್ತಿದ್ದ ಜನ ದೇಶಪ್ರೇಮದ ಹಾಡು ಕೇಳಿ, ಥಿಯೇಟರಿನಿಂದ ಬಂದವರೇ ದಂಗೆ ಎದ್ದರಂತೆ. ಕೊನೆಗೆ ಪರದೇಶಿ ರಾಜನ ಆಳ್ವಿಕೆಯೇ ಹೋಯಿತಂತೆ.

"ನೋಡೋ, ಒಂದ್ ಹಾಡಿಗೆ ರಾಜ್ಯನ ಬಿತ್ತು! ನಮ್ಮ ಲಿಯಾಂಡರಿನ ಸಂಘ ಯಾವ ಲೆಕ್ಕ?" ಅಂದರು.

ಲಿಯಾಂಡರ್ ಆಸ್ಟಿನ್ ಪಕ್ಕದ ಮಾವನ ಊರು; ಸಂಘ ಅಂದರೆ ಅಲ್ಲಿನ ಬಡಾವಣೆಯ ಮನೆ ಮಾಲೀಕರ ಸಂಘ. ನಿಮ್ಮಂಗಳದ ಹುಲ್ಲು ಎಷ್ಟುದ್ದ ಬೆಳೆಯಬಹುದು ಅಂತಲೂ ಅಪ್ಪಣೆ ಕೊಡುವ ಘನಸರ್ಕಾರ! ಅದರ ಅಧ್ಯಕ್ಷೆ ಬಂದು, ಮಾವನ ಮನೆ ಮುಂದಿನ ನುಗ್ಗೆಮರ ಬೀದಿಯ ಅಂದ ಕೆಡಿಸುತ್ತಿದೆ, ತಿಂಗಳೊಳಗೆ ಕಡಿಯಿರಿ ಅಂದುಹೋಗಿದ್ದರು. ಅತ್ತೆ ಈ ದೇಶಕ್ಕೆ ಬಂದ ವರ್ಷ ನೆಟ್ಟ ಮರ ಅದು.

ಸರಿ, ಮಾವ ಒಪೆರಾ ಬರೆದರು. ಗ್ಯಾರೇಜೇ ರಂಗಮಂದಿರ. ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಾನು ದುಷ್ಟ ರಾಜ. ಮಾವ? ಹಾರ್ಮೋನಿಯಂ ಬಾರಿಸುವ ಸಾಕ್ಷಾತ್ ನುಗ್ಗೆಮರ!

"ಈ ವಯಸ್ಸಿನಾಗ ಮರ ಆಗ್ತೀರೇನ್ರಿ? ಅದನ್ನ ಕಡದ ಒಗೀರಿ ಅತ್ಲಾಗ" ಅಂತ ಅತ್ತೆ ಗೊಣಗಿದರು. ಗೊಣಗುತ್ತಲೇ ಬೀದಿಗೆಲ್ಲ ಸಾಲುವಷ್ಟು ನುಗ್ಗೆಕಾಯಿ ಸಾರು ಮಾಡಿದರು.

ಅಕ್ಕಪಕ್ಕದ ಅಮೆರಿಕನ್ನರು ಬಂದರು, ಸಾರಿನ ವಾಸನೆಗೆ ನನ್ನ ರೂಮ್‌ಮೇಟುಗಳೂ ಬಂದರು. ಕೊನೆಗೆ ಮಾವ ತಾರಕದಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, "ಏಳಿ ಬಂಧುಗಳೇ, ಏಳಿ!" ಅಂತ ಹಾಡಿದರು. ಎಲ್ಲರೂ ಎದ್ದರು! ಎದ್ದವರು ನೆಟ್ಟಗೆ ಊಟದ ಮೇಜಿಗೆ ಹೋದರು. ಅಧ್ಯಕ್ಷೆಯೂ ಬಂದಿದ್ದರು ಕಣ್ರೀ; ಎರಡು ಸಲ ಸಾರು ಹಾಕಿಸಿಕೊಂಡು, ಗಡುವು ನೆನಪಿಸಿ ಹೊರಟುಹೋದರು.

ಗಡುವಿನ ದಿನ ಬೆಳಿಗ್ಗೆ ಮಾವ ಗರಗಸ ಹಿಡಿದು ಹೊರಬಂದರು. ಹಿಂದೆ ನಾನು, ಹೆಗಲ ಮೇಲೆ ಏಣಿ. ನೋಡಿದರೆ ಅತ್ತೆ ಮರಕ್ಕೆ ಆನಿಸಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ!

"ಏಳ, ಕಡೀರಿ ಅಂತ ನೀನ ಅಂದಿದ್ದೆಲ್ಲ?"

"ಅಂದಿದ್ದೆ. ಬಂದ ಹೊಸದಾಗ ನೀವು ಆಫೀಸಿಗೆ ಹೋದ್ರ ನಾ ಇದರ ಜೋಡಿನ ಮಾತಾಡ್ತಿದ್ದೆ ರೀ. ಈ ಊರಾಗ ನನಗ ಬೇರೆ ಯಾರ ಗುರುತಿದ್ರು? ಯಾರ್ ಬರ್ತಾರೋ ಬರ್ಲಿ, ನಾ ಏಳಂಗಿಲ್ಲ."

ಮಾವನಿಗೆ ಇದು ಗೊತ್ತೇ ಇರಲಿಲ್ಲ. ಕಣ್ಣೊರೆಸಿಕೊಂಡು, ಗರಗಸ ಕೆಳಗಿಟ್ಟು, ಅತ್ತೆಯ ಪಕ್ಕ ಹುಲ್ಲಿನ ಮೇಲೆ ಕೂತರು.

"ನಿಂತೇನ್ ನೋಡ್ತಿ? ನೀನೂ ಕೂಡು ಬಾ" ಅಂದರು ನನಗೆ.

ಏಣಿ ಇಳಿಸಿ ನಾನೂ ಕೂತೆ.