ಮಾಮಿಯ ಸೈಕಲ್ಲಿಗೆ ಮಾವನ ಹಳದಿ ಬಣ್ಣ

ನನ್ನ ಸೋದರಮಾವ ಕೈ ಹಾಕಿದ ಕೆಲಸ ಯಾವುದೂ ಅರ್ಧಕ್ಕೆ ನಿಂತದ್ದಿಲ್ಲ. ಅರ್ಧಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನೆಯವರೆಲ್ಲ ಆಮೇಲೆ ನಿಟ್ಟುಸಿರು ಬಿಟ್ಟದ್ದುಂಟು, ಅದು ಬೇರೆ ಮಾತು. ಅವರು ರಿಪೇರಿ ಮಾಡಿದ ಕಾಲಿಂಗ್ ಬೆಲ್ ಈಗ ಯಾರೂ ಒತ್ತದೆಯೂ ಹೊಡೆದುಕೊಳ್ಳುತ್ತದೆ, ಒತ್ತಿದರೆ ಮಾತ್ರ ಸುಮ್ಮನಾಗುತ್ತದೆ! ಕೊಟ್ಟಾರದ ಒಂದೇ ಕಟ್ಟಡದಲ್ಲಿ ಅವರ ಮನೆ ಕೆಳಗೆ, ನಮ್ಮದು ಮೇಲೆ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಉಪ್ಪುಖಾರ ಸೇರಿಸಿದ್ದರೂ ಸ್ವಲ್ಪವೇ.

ಮಾವ ಅರ್ಧ ಆಯುಷ್ಯವನ್ನು ದುಬೈಯಲ್ಲಿ ಕಳೆದವರು. ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಕೆಲಸ. ಏನು ಕೆಲಸ ಎಂದು ಮಾತ್ರ ಕೇಳಬಾರದು. ಕೇಳಿದರೆ, "ಬಿಲ್ಲು ಬರೆಯುದು" ಎಂದು ಮಾಮಿ ಅಡುಗೆಮನೆಯಿಂದಲೇ ಹೇಳಿಬಿಡುತ್ತಾರೆ. ಬಣ್ಣ ಹೊಡೆಯುವುದನ್ನು ಮಾವ ನೋಡಿದ್ದೆಲ್ಲ ಆಫೀಸಿನ ಗಾಜಿನ ಈಚೆಯಿಂದ. ಆದರೂ ಊರಿಗೆ ಬಂದ ಮೇಲೆ ಅವರ ಯಾವ ಮಾತೂ "ದುಬೈಯಲ್ಲಿ ಹೀಗಲ್ಲ" ಎಂಬ ಪೀಠಿಕೆಯಿಲ್ಲದೆ ಶುರುವಾದದ್ದಿಲ್ಲ.

ಮಾಮಿಗೆ ಸೈಕಲ್ ಕಲಿಯುವ ಆಸೆ ಲಂಗ ತೊಡುತ್ತಿದ್ದ ಕಾಲದ್ದು. ಆಗ ತವರಿನಲ್ಲಿ ಬಿಡಲಿಲ್ಲ. ಮದುವೆಯಾದ ಮೇಲೆ ಕಲಿಸಲು ಗಂಡ ಊರಲ್ಲಿರಲಿಲ್ಲ. ಈಗ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸಿನಲ್ಲಿ, ನೀಲಿ ಬಣ್ಣದ ಲೇಡೀಸ್ ಸೈಕಲ್ ಒಂದು ಬಂತು. ಮಾವನೇ ಗುರುಗಳು. ಮುಂದೆ ಚೂಡಿದಾರ ತೊಟ್ಟ ಮಾಮಿ, ಹಿಂದೆ ಕ್ಯಾರಿಯರ್ ಹಿಡಿದು ಓಡುವ ಮಾವ. ಒಂದು ಸಂಜೆ ಗುರುಗಳು ಓಡುತ್ತಲೇ ದುಬೈಯಲ್ಲಿ ಬ್ರೇಕ್ ಹೇಗೆ ಹಿಡಿಯುತ್ತಾರೆಂದು ವಿವರಿಸತೊಡಗಿದರು. ಮಾಮಿ "ಎಂತ?" ಎಂದು ಹಿಂದಕ್ಕೆ ತಿರುಗಿದರು. ಎದುರಿಗಿದ್ದದ್ದು ಕೆಂಪುಕಲ್ಲಿನ ಕಾಂಪೌಂಡ್ ಗೋಡೆ. ಅದೇನು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆಯೇ?

ಮಾಮಿಯ ಮೊಣಕೈ ತರಚಿತು, ಸೈಕಲ್ಲಿನ ಫ್ರೇಮಿನ ಉದ್ದಕ್ಕೂ ಬಣ್ಣ ಕಿತ್ತು ಗೀರು ಬಿತ್ತು. ಮಾಮಿ ಸೈಕಲ್ಲನ್ನು ಮೆಟ್ಟಿಲ ಕೆಳಗಿನ ಮೂಲೆಗೆ ನೂಕಿದರು. "ಆ ಗೀರು ಕಾಣುವಾಗ ನನ್ನ ಕಾಲು ನಡುಗ್ತದೆ. ಇನ್ನು ಬೇಡ ನನಗೆ" ಎಂದರು. ಬೈದಿದ್ದರೆ ಮಾವನಿಗೂ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬಣ್ಣದ ಡಬ್ಬಿ ಹಿಡಿದುಕೊಂಡು ಗೇಟು ದಾಟಿ ಬಂದರು.

"ಕಂಕನಾಡಿಯಲ್ಲಿ ಸೈಕಲ್ ಶಾಪಿನವರೇ ಮಾಡಿ ಕೊಡ್ತಾರೆ ಮಾವ" ಎಂದೆ.

"ಅವರು ಗೀರು ಮುಚ್ತಾರೆ. ನಿನ್ನ ಮಾಮಿಯ ಹೆದರಿಕೆ ಮುಚ್ತಾರಾ?"

ಮಾವನ ಸಿದ್ಧಾಂತ ಸರಳವಾಗಿತ್ತು. ಗೀರು ಹೋದರೆ ಹೆದರಿಕೆ ಹೋಯಿತು, ಹೆದರಿಕೆ ಹೋದರೆ ಮಾಮಿ ಸೈಕಲ್ ಹತ್ತಿದರು.

ಮೊದಲು ಸೈಕಲ್ಲನ್ನು ಬಿಚ್ಚಬೇಕು. ಬಿಚ್ಚಿದ ನಟ್ಟು ಬೋಲ್ಟುಗಳು ಒಂದಕ್ಕೊಂದು ಬೆರೆಯದಂತೆ ಬೇರೆ ಬೇರೆ ಇಡಬೇಕು. ಮನೆಯಲ್ಲಿ ಅಂಥ ಗುಳಿಗುಳಿಯ ಸಾಧನ ಯಾವುದುಂಟು ಹೇಳಿ? ಇಡ್ಲಿ ತಟ್ಟೆ! ಮಾರನೆಯ ಬೆಳಿಗ್ಗೆ ಹಿಟ್ಟಿನ ಪಾತ್ರೆ ಹಿಡಿದು ನಿಂತ ಮಾಮಿ ತಟ್ಟೆ ಹುಡುಕಿ ಹುಡುಕಿ ಕೊನೆಗೆ ಮನೆಯ ಮುಂದಿನ ಸಿಟೌಟಿಗೆ ಬಂದರು. ನೋಡಿದರು. "ಇವತ್ತು ಬೋಲ್ಟು, ಚಟ್ನಿ. ಸಾಂಬಾರು ಬೇಕಾದವರು ಹೇಳಿ" ಎಂದು ಒಳಗೆ ಹೋದರು. ಅಂದು ನಾವೆಲ್ಲ ತಿಂದದ್ದು ಬ್ರೆಡ್ಡು.

ಫ್ರೇಮನ್ನು ಸಿಟೌಟಿನ ಉಯ್ಯಾಲೆಯ ಕೊಕ್ಕೆಗೆ ತೂಗುಹಾಕಿದರು. ಗೀರಿನ ಜಾಗವನ್ನಷ್ಟೇ ಸ್ಯಾಂಡ್ ಪೇಪರಿನಿಂದ ಉಜ್ಜುವುದೆಂದು ತೀರ್ಮಾನ. ಉಜ್ಜಿದ್ದು ತಗ್ಗಾಯಿತು, ಅದಕ್ಕೆ ಸಮನಾಗಲೆಂದು ಸುತ್ತ ಉಜ್ಜಿದರು, ಅದಕ್ಕೆ ಸಮನಾಗಲೆಂದು ಇನ್ನೂ ಸುತ್ತ. ವಾರದೊಳಗೆ ನೀಲಿ ಬಣ್ಣ ಸೈಕಲ್ಲಿನಲ್ಲಿ ಎಲ್ಲೂ ಉಳಿಯದೆ ಮಾವನ ಹುಬ್ಬು, ಮೀಸೆ ಮತ್ತು ತುಳಸಿಕಟ್ಟೆಯ ಮೇಲೆ ಉಳಿಯಿತು. ಮಾಮಿ ಹಾದುಹೋಗುವಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದರು. ಸಿಟ್ಟಿಗೋ ನಗು ಮುಚ್ಚಲಿಕ್ಕೋ, ಮೇಲಿನಿಂದ ನನಗೆ ಕಾಣುತ್ತಿರಲಿಲ್ಲ.

ಬಣ್ಣ ಹಳದಿ. ಯಾಕೆ ಹಳದಿ ಎಂದರೆ, ನಮ್ಮ ಸಿಟಿ ಬಸ್ಸಿನವರಿಗೆ ಅರ್ಧ ಮೈಲಿ ದೂರದಿಂದಲೇ ಕಾಣಬೇಕಂತೆ. ನವರಾತ್ರಿಯ ದಿನಗಳು ಬೇರೆ, ಓಣಿಯಲ್ಲಿ ಹುಲಿವೇಷದವರ ತಾಸೆಯ ಸದ್ದು. ಪಕ್ಕದ ಮನೆಯ ನಿವೃತ್ತ ಮಾಸ್ಟ್ರು ಗೋಡೆಯ ಮೇಲಿಂದ ಇಣುಕಿದರು.

"ಎಂತ ಮಾರಾಯ್ರೆ, ಈ ಸಲ ಹುಲಿವೇಷ ಸೈಕಲ್ಲಿಗಾ?"

"ಹುಲಿಗೆ ಪಟ್ಟೆ ಉಂಟು ಮಾಸ್ಟ್ರೆ. ಇದಕ್ಕೆಲ್ಲಿ ಉಂಟು?"

ಸಂಜೆಯೊಳಗೆ ಅದಕ್ಕೂ ಬಂತು. ಗೇಟಿಗೆ ಕಪ್ಪು ಬಣ್ಣ ಹೊಡೆದಿದ್ದ ಹಳೆಯ ಬ್ರಷ್ಷನ್ನು ಮಾವ ಸರಿಯಾಗಿ ತೊಳೆದಿರಲಿಲ್ಲ.

ಪಟ್ಟೆ ಮುಚ್ಚಲು ಇನ್ನೊಂದು ಕೋಟು ಹೊಡೆದರು. ನಮ್ಮ ಊರಿನ ಹವೆಯಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ, ಇನ್ನು ಪೈಂಟು ಒಣಗುತ್ತದೆಯೇ? ಒಣಗಿತೋ ಎಂದು ಮಾವ ಹೆಬ್ಬೆರಳಿನಿಂದ ಒತ್ತಿ ನೋಡುವುದು, ಒತ್ತಿದ್ದು ಒಣಗುವ ಮೊದಲೇ ಪುನಃ ಒತ್ತುವುದು. ಆಧಾರ್ ಕೇಂದ್ರದಲ್ಲೂ ಅಷ್ಟು ಹೆಬ್ಬೆಟ್ಟುಗಳು ಸಿಗಲಿಕ್ಕಿಲ್ಲ. ಆ ಗುರುತು ಮುಚ್ಚಲು ಆಯುಧ ಪೂಜೆಯ ಹಿಂದಿನ ಸಂಜೆ ಕೊನೆಯ ಕೋಟು. ಅದೃಷ್ಟಕ್ಕೆ ಅದು ನುಣ್ಣಗೆ ಬಂತು. ಬೆಳಿಗ್ಗೆ ಚಕ್ರ ಜೋಡಿಸಿ ನಿಲ್ಲಿಸಿದಾಗ, ನಿಜ ಹೇಳಬೇಕಲ್ಲ, ಚಂದವೇ ಇತ್ತು.

ಪೂಜೆಗೆ ನನ್ನ ಸ್ಕೂಟರ್, ಮಾಸ್ಟ್ರ ಕಾರು ಎಲ್ಲ ಸಾಲಾಗಿ ನಿಂತವು. ಇಷ್ಟು ಕಷ್ಟಪಟ್ಟ ಸೈಕಲ್ಲನ್ನು ಬಿಡಲಾದೀತೇ? ಮಾವ ತಮ್ಮ ಕೈಯಿಂದಲೇ ದಪ್ಪ ಸೇವಂತಿಗೆ ಮಾಲೆ ಹಾಕಿ, ಗಂಧ ಹಚ್ಚಿ, ಕುಂಕುಮ ಇಟ್ಟು, ಮಂಗಳಾರತಿ ಎತ್ತಿದರು. ಸಂಜೆ ಮಾಲೆ ತೆಗೆಯಲು ಹೋದರೆ ದಾರ ಮಾತ್ರ ಕೈಗೆ ಬಂತು. ಹೂವು ಬರಲಿಲ್ಲ. ಒಳಗೆ ಹಸಿಯಾಗಿಯೇ ಇದ್ದ ಬಣ್ಣ ಎಸಳುಗಳನ್ನೆಲ್ಲ ಕಚ್ಚಿ ಹಿಡಿದಿತ್ತು. ಮೊದಲು ಗೀರು ಇದ್ದಲ್ಲೇ ಈಗ ಹೂವು, ಗಂಧ, ಕುಂಕುಮದ ಒಂದು ದಪ್ಪ ಗಾಯ.

ನನ್ನ ನಾಲಿಗೆಯ ತುದಿಯಲ್ಲಿ ತಮಾಷೆಯ ಮಾತುಗಳು ಸಾಲುಗಟ್ಟಿದ್ದವು. ಆಗ ಮಾವನ ಮುಖ ನೋಡಿದೆ. ಅವರು ಮೆಟ್ಟಿಲಿನ ಮೇಲೆ ಕುಳಿತಿದ್ದರು. ದುಬೈಯ ಸುದ್ದಿಯೇ ಇಲ್ಲ.

"ನಿನಗೆ ಆಸೆ ಇದ್ದ ವರ್ಷಗಳೆಲ್ಲ ನಾನು ಅಲ್ಲಿ ಕೂತಿದ್ದೆ" ಎಂದರು ಬಾಗಿಲಲ್ಲಿ ನಿಂತ ಮಾಮಿಗೆ. "ಈಗ ಕಲಿಸ್ಲಿಕ್ಕೆ ಅಂತ ಬಂದು ಗೋಡೆಗೆ ಹೊಡೆಸಿದೆ. ಇದೊಂದಾದ್ರೂ ಚಂದ ಮಾಡಿ ಕೊಡುವಾ ಅಂತ ಇತ್ತು." ಕೈಯಲ್ಲುಳಿದ ದಾರವನ್ನು ಬೆರಳಿಗೆ ಸುತ್ತುತ್ತ, "ನಾಳೆಯಿಂದ ಪುನಃ ಉಜ್ಜುತ್ತೇನೆ. ದೀಪಾವಳಿಗೆ ಆಗ್ತದೆ" ಎಂದರು.

ಮಾಮಿ ಮೆಟ್ಟಿಲಿಳಿದು ಬಂದು ಆ ಎಸಳುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ದೀಪಾವಳಿವರೆಗೆ ನಾನು ನಡ್ಕೊಂಡೇ ಹೋಗ್ಬೇಕಾ?"

ಸ್ಟ್ಯಾಂಡು ಒದ್ದು, ಸೀರೆ ಎತ್ತಿ ಸಿಕ್ಕಿಸಿ, ಸೈಕಲ್ಲನ್ನು ಗೇಟಿನವರೆಗೆ ತಳ್ಳಿಕೊಂಡು ಹೋಗಿ ಸೀಟಿನ ಮೇಲೆ ಕುಳಿತರು. ಒಂದು ಕಾಲು ನೆಲದ ಮೇಲೆ, ಒಂದು ಪೆಡಲಿನ ಮೇಲೆ. ಕಾಲು ನಡುಗುತ್ತಿದ್ದದ್ದು ನನಗೇ ಕಾಣುತ್ತಿತ್ತು. ಮಾವ ಇನ್ನೂ ಕುಳಿತಲ್ಲೇ ಇದ್ದರು.

"ಬನ್ನಿ" ಎಂದರು ಮಾಮಿ. "ಒಬ್ಬಳೇ ಹೋಗಿ ಹೋಗಿ ನನಗೆ ಸಾಕಾಗಿದೆ."

ಮಾವ ಚಪ್ಪಲಿ ಕೂಡ ಹಾಕದೆ ಓಡಿದರು.